ಬೂಟು ಹಾಕದೆ ಗೊಬ್ಬರದ ಹತ್ತಿರ ಹೋಗಬೇಡ ಮಗಳೇ

ಮಗಳೇ,

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದರೂ ನಾವಿಬ್ಬರೂ ಮತ್ತೆ ಅದೇ ಮಾತಿಗೆ ಬಂದು ನಿಲ್ಲುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ನಿನ್ನ ಗೆಳತಿಯ ಎದುರು ನಾನು ಅಷ್ಟು ಜೋರು ಮಾಡಬಾರದಿತ್ತು. ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಬಸ್ಸು ಹತ್ತಿದ್ದಕ್ಕೂ ಬೇಜಾರಿದೆ. ಆದರೆ ಹೇಳಿದ ಮಾತು ವಾಪಸು ತಗೊಳ್ಳುವುದಿಲ್ಲ. ಬೆರಳಿಗೆ ಬ್ಯಾಂಡೇಜು, ಬರಿಗಾಲು, ಮೊಣಕಾಲಿನವರೆಗೆ ಕೆಸರು. ಗೊಬ್ಬರದ ಗುಂಡಿಯಲ್ಲಿ ಮಳೆನೀರು ನಿಂತಿದೆ. ಅದರೊಳಗೆ ಕೈ ಹಾಕಿ ನೀನು ತರಕಾರಿ ಸಿಪ್ಪೆ ಮಗುಚುತ್ತಿದ್ದೆ. ಗೋಡೆ ಬುಡದಲ್ಲಿ ಇಲಿಯ ಬಿಲ, ಅದರ ಬಾಯಲ್ಲಿ ಹೊಸ ಮಣ್ಣು. ನಾನು ಕಿರುಚಿದ್ದು ಅದನ್ನು ನೋಡಿ. "ಮಣ್ಣು ಅಂದ್ರೆ ಗಲೀಜಾ ಅಮ್ಮ? ನೀವೆಲ್ಲ ಹೀಗೇ ತಾನೇ ಬೆಳೆದದ್ದು?" ಅಂತ ನೀನು ಕೇಳಿದೆ. ಗಲೀಜು ಅಂತ ನಾನು ಯಾವತ್ತೂ ಹೇಳಿಲ್ಲ. ಹಟ್ಟಿ ಗೊಬ್ಬರ ಹೊತ್ತೇ ಬೆಳೆದವಳು ನಾನು.

ಆ ಗಲಾಟೆಯಲ್ಲಿ ಒಂದು ಮಾತು ಹೇಳಲೇ ಇಲ್ಲ. ನಿನ್ನ ಬಸಳೆ ತುಂಬ ಚೆನ್ನಾಗಿ ಬಂದಿದೆ. ದಂಟು ಹೆಬ್ಬೆರಳಿನಷ್ಟು ದಪ್ಪ, ಎಲೆಯಲ್ಲಿ ಒಂದು ಚುಕ್ಕೆ ಇಲ್ಲ. ಮನೆಯಲ್ಲಿ ಇರುವಾಗ ತೋಟಕ್ಕೆ ಬಾ ಅಂದರೆ ಪುಸ್ತಕ ಹಿಡಿದು ಒಳಗೆ ಹೋಗುತ್ತಿದ್ದವಳು ನೀನು. ಈಗ ಮಂಗಳೂರಿನಲ್ಲಿ ಬಾಡಿಗೆ ಮನೆಯ ಹಿಂದೆ ಅಷ್ಟೇ ಅಷ್ಟು ಜಾಗ, ಅದೂ ಬರೀ ಮುರಕಲ್ಲಿನ ನೆಲ. ಅಲ್ಲಿ ಬಸಳೆ ಚಪ್ಪರ ಹಾಕಿ, ಪಕ್ಕದ ಮನೆಗೂ ಕೊಡುತ್ತೀಯ. ಬಸ್ಸಿನಲ್ಲಿ ಬರುವಾಗ ಪಕ್ಕ ಕೂತ ಹೆಂಗಸಿಗೆ ಇದನ್ನೇ ಹೇಳಿಕೊಂಡು ಬಂದೆ. ಜಗಳದ ವಿಷಯ ಹೇಳಲಿಲ್ಲ.

ಈಗ ಅಪ್ಪನಿಗೆ ಬಂದ ಇಲಿ ಜ್ವರದ ವಿಷಯ. ಆಸ್ಪತ್ರೆಯ ದಿನಗಳನ್ನು ಬರೆಯುವುದಿಲ್ಲ. ನೀನೂ ಅದೇ ಬೆಂಚಿನಲ್ಲಿ ಕೂತಿದ್ದೆ, ನಿನಗೆ ಎಲ್ಲ ಗೊತ್ತು. ಅದಕ್ಕಿಂತ ಮೊದಲಿನದು ನಿನಗೆ ಗೊತ್ತಿಲ್ಲ. ನೀನು ಹಾಸ್ಟೆಲಿನಲ್ಲಿದ್ದೆ.

ಆಟಿ ತಿಂಗಳು, ಜೋರು ಮಳೆಗಾಲ. ಅಡಿಕೆ ತೋಟದ ಕಣಿಯಲ್ಲಿ ಕಸ ಕಟ್ಟಿ ನೀರು ನಿಂತಿತ್ತು. ಅಪ್ಪ ಇಳಿದು ಬಿಡಿಸಿದರು. ಕಾಲಿನ ಬೆರಳ ಸಂದಿಯಲ್ಲಿ ಕೆಸರು ಹುಣ್ಣು ಇತ್ತು. ಮಳೆಗಾಲದಲ್ಲಿ ಅದು ಯಾರಿಗೆ ಇರುವುದಿಲ್ಲ? ವಾರ ಕಳೆದ ಮೇಲೆ ಚಳಿ ಜ್ವರ ಬಂತು. ತಲೆನೋವು. ಆಮೇಲೆ ಕಾಲು ನೋವು. ಮೀನಖಂಡಕ್ಕೆ ಎಣ್ಣೆ ಹಚ್ಚು ಅಂದರು. ನಾನು ತೆಂಗಿನೆಣ್ಣೆ ಬಿಸಿ ಮಾಡಿ ತಂದೆ. ಬೆರಳು ತಾಗಿದ್ದಷ್ಟೇ. ಯಾವತ್ತೂ ನೋವು ಅಂತ ಹೇಳದ ಮನುಷ್ಯ "ಅಯ್ಯೋ" ಅಂದು ಕಾಲು ಎಳೆದುಕೊಂಡರು. ಕೆಲಸ ಜಾಸ್ತಿ ಆಯಿತು, ಅದರ ನೋವು ಅಂತಲೇ ಎಲ್ಲರೂ ಅಂದುಕೊಂಡೆವು. ಕಣ್ಣು ಕೆಂಪಗಾಗಿತ್ತು. ನಿದ್ದೆ ಇಲ್ಲ, ಅದಕ್ಕೇ ಅಂದುಕೊಂಡೆವು. ತೋರಿಸಿದ ಡಾಕ್ಟರು ಮಳೆಗಾಲದ ವೈರಲ್ ಜ್ವರ ಅಂತ ಮಾತ್ರೆ ಕೊಟ್ಟರು. ಏನು ಕೆಲಸ ಮಾಡಿದಿರಿ, ಎಲ್ಲಿ ನಿಂತಿದ್ದಿರಿ ಅಂತ ಅವರು ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ಕಣಿ ಬಿಡಿಸಿದ್ದು ಡಾಕ್ಟರಿಗೆ ಹೇಳುವ ವಿಷಯ ಅಂತ ಯಾರಿಗೆ ಹೊಳೆಯುತ್ತದೆ?

ಹಳದಿ ಕಾಣಿಸಿದ ಮೇಲೆ ಮುಂದಿನದು ನಿನಗೆ ಗೊತ್ತೇ ಇದೆ.

ಆ ಕಾಲು ಎಳೆದುಕೊಂಡದ್ದು ನನ್ನ ಕಣ್ಣಿಂದ ಹೋಗುವುದೇ ಇಲ್ಲ. ಈಗಲೂ ಯಾರಾದರೂ ಕಾಲು ನೋವು ಅಂದರೆ ಮೊದಲು ಜ್ವರ ಇದೆಯಾ ಅಂತ ಕೇಳುತ್ತೇನೆ. ಭಾನುವಾರ ನಿನ್ನ ಕಾಲಿನ ಕೆಸರು ನೋಡಿದಾಗಲೂ ನನಗೆ ಕಂಡದ್ದು ಅದೇ.

ಇಲಿ ಜ್ವರ ಇಲಿ ಕಚ್ಚಿ ಬರುವುದಲ್ಲ. ಇಲಿಯ ಉಚ್ಚೆಯಲ್ಲಿ ಆ ಜ್ವರದ ಬ್ಯಾಕ್ಟೀರಿಯಾ ಇರುತ್ತದೆ. ನಾಯಿ, ದನದ ಉಚ್ಚೆಯಲ್ಲೂ ಇರಬಹುದು. ಬಿಸಿಲಿಗೆ ಒಣಗಿದರೆ ಸಾಯುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಗಾಯದಲ್ಲಿ, ನೀರಲ್ಲಿ ನೆನೆದು ಮೆತ್ತಗಾದ ಚರ್ಮದಲ್ಲಿ, ಕಣ್ಣು ಬಾಯಲ್ಲಿ ಒಳಗೆ ಹೋಗುತ್ತದೆ. ಜ್ವರ ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಬರುತ್ತದೆ, ಕೆಲವರಿಗೆ ತಿಂಗಳೂ ಹಿಡಿಯಬಹುದು. ಬೇಗ ಗೊತ್ತಾದರೆ ಮಾಮೂಲಿ ಆಂಟಿಬಯಾಟಿಕ್‌ನಲ್ಲೇ ವಾಸಿಯಾಗುತ್ತದೆ. ತಡವಾದರೆ ಕಿಡ್ನಿ, ಲಿವರ್. 2018ರ ನೆರೆಯ ನಂತರ ಕೇರಳದಲ್ಲಿ ಎಷ್ಟು ಜನರಿಗೆ ಬಂತು, ನೆನಪಿದೆಯಲ್ವಾ? ಕೆಸರು ನೀರಲ್ಲಿ ಕೆಲಸ ಮಾಡುವವರಿಗೆ ಜ್ವರ ಬಾರದಿರಲಿ ಅಂತ ಅಲ್ಲಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ದರು. ಇದನ್ನು ಓದಿ ನೀನು ಸುಮ್ನೆ ಅಂಗಡಿಯಿಂದ ತಂದು ನುಂಗಬೇಡ. ಡಾಕ್ಟರನ್ನು ಕೇಳು.

ಮಳೆಗಾಲದಲ್ಲಿ ಜ್ವರ ಬಂದರೆ ಡಾಕ್ಟರ ಹತ್ತಿರ ಬಾಯಿ ಬಿಟ್ಟು ಮೊದಲು ಹೇಳಬೇಕಾದದ್ದು ಇದು: "ನಾನು ತೋಟದ ಕೆಲಸ ಮಾಡುತ್ತೇನೆ, ಕೆಸರಿಗೆ ಕೈ ಹಾಕಿದ್ದೇನೆ." ಅವರು ಕೇಳುವವರೆಗೆ ಕಾಯಬೇಡ. ಆ ಎರಡು ಮಾತಿದ್ದರೆ ಅವರು ಯೋಚನೆ ಮಾಡುವ ದಾರಿಯೇ ಬೇರೆ, ಮಾಡಿಸುವ ರಕ್ತ ಪರೀಕ್ಷೆಯೇ ಬೇರೆ. ನಮ್ಮ ಕರಾವಳಿಯ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ಅಂತ ಇನ್ನೊಂದು ಕಾಯಿಲೆಯೂ ಇದೆ. ಅದೂ ಮಳೆಗಾಲದಲ್ಲೇ ಜಾಸ್ತಿ, ಸಕ್ಕರೆ ಕಾಯಿಲೆ ಇರುವವರಿಗೆ ಜಾಸ್ತಿ ಅಪಾಯ. ಅದಕ್ಕೇ ಅಪ್ಪನನ್ನು ನಾನು ಈಗ ಮಳೆಗಾಲದಲ್ಲಿ ಕಣಿಗೆ ಇಳಿಯಲು ಬಿಡುವುದಿಲ್ಲ. ಅವರಿಗೆ ಸಿಟ್ಟು ಬರುತ್ತದೆ. ಬರಲಿ.

ಹೆದರಿಸಿ ತೋಟ ಬಿಡಿಸಲು ಬರೆಯುತ್ತಿಲ್ಲ. ತೋಟ ಮಾಡು. ಗೊಬ್ಬರವನ್ನೂ ಮಾಡು. ಆದರೆ ನೀನು ಮಾಡುವ ರೀತಿ ನಮ್ಮ ಊರಿನ ಮಳೆಗೆ ಆಗುವುದಿಲ್ಲ.

ಮೊದಲು ಆ ಗುಂಡಿ ಮುಚ್ಚು. ಗುಂಡಿ ಗೊಬ್ಬರ ಬಯಲುಸೀಮೆಗೆ ಸರಿ. ಅಲ್ಲಿ ಒಣಗಾಳಿ, ಗುಂಡಿಯಲ್ಲಿದ್ದರೆ ತೇವ ಉಳಿಯುತ್ತದೆ. ಮಂಗಳೂರಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಂಡಿ ತೋಡಿದರೆ ಅದು ಬಾವಿಯೇ. ನೀರು ತುಂಬಿದರೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಅದು ಗೊಬ್ಬರ ಆಗುವುದಿಲ್ಲ, ಕೊಳೆಯುತ್ತದೆ. ನಿನ್ನ ಓನರ್ ವಾಸನೆ ಅಂತ ಹೇಳಿದ್ದು ಸುಳ್ಳಲ್ಲ ಮಗಳೇ.

ನೆಲದ ಮೇಲೆ, ಸೂರಿನ ಅಡಿಯಲ್ಲಿ ಮಾಡು. ಆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಂಚಿನ ಇಳಿಜಾರು ಇದೆಯಲ್ಲ, ಅಲ್ಲಿ ಒಂದು ಡ್ರಮ್ಮು ಸಾಕು. ಸುತ್ತಲೂ ತೂತು ಹೊಡೆಸು, ಅಡಿಯಲ್ಲೂ ಹೊಡೆಸು. ನಾಲ್ಕು ಕಲ್ಲಿನ ಮೇಲೆ ಎತ್ತರಕ್ಕೆ ಇಡು. ತೂತು ದೊಡ್ಡದಾದರೆ ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಕಟ್ಟಿಸು. ಪ್ಲಾಸ್ಟಿಕ್ ಜಾಲರಿ ಬೇಡ, ಇಲಿ ಕಡಿಯುತ್ತದೆ. ಮುಚ್ಚಳದ ಮೇಲೆ ಕಲ್ಲು ಇಡು.

ಅನ್ನ, ಮೀನಿನ ಮುಳ್ಳು, ಎಣ್ಣೆಯ ತಿಂಡಿ, ದೋಸೆಯ ಚೂರು, ಯಾವುದೂ ಅದಕ್ಕೆ ಬೀಳಬಾರದು. ಇಲಿ ಬರುವುದೇ ಅದಕ್ಕೆ. ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಚಹಾ ಹುಡಿ, ಒಣಗಿದ ಹೂವು ಸಾಕು. ಹಲಸಿನ ರಚ್ಚೆ ಹಾಕುವುದಾದರೆ ಸಣ್ಣಕೆ ಕೊಚ್ಚಿ ಹಾಕು. ಇಡೀ ಹಾಕಿದರೆ ಮುಂದಿನ ಹಲಸಿನ ಕಾಲಕ್ಕೂ ಹಾಗೇ ಇರುತ್ತದೆ.

ಒಂದು ಪಾಲು ಹಸಿಗೆ ಎರಡು ಪಾಲು ಒಣದ್ದು. ಇದರಲ್ಲಿ ನೀನು ಕಂಜೂಸು ಮಾಡಿದ್ದೀಯ. ಹಸಿಯದರಲ್ಲಿ ಸಾರಜನಕ ಜಾಸ್ತಿ, ತರಗೆಲೆಯಲ್ಲಿ ಇಂಗಾಲ ಜಾಸ್ತಿ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಗೊಬ್ಬರ ಸರಿಯಾಗಿ ಬಿಸಿಯಾಗುತ್ತದೆ. ಆ ಲೆಕ್ಕ ಕೈಗೆ ಸಿಗುವುದಿಲ್ಲ ಅಂತಲೇ ಒಂದಕ್ಕೆ ಎರಡು ಅಂತ ಹೇಳುವುದು. ಮಳೆಗಾಲದಲ್ಲಿ ಒಣ ತರಗೆಲೆ ಎಲ್ಲಿಂದ ತರಲಿ ಅಂತ ಕೇಳುತ್ತೀಯ. ಈ ವರ್ಷಕ್ಕೆ ಮಿಲ್ಲಿನಿಂದ ಮರದ ಹುಡಿ ತಾ, ಇಲ್ಲವೇ ತೆಂಗಿನ ನಾರಿನ ಹುಡಿ. ಹಳೇ ಪೇಪರು ಹರಿದು ಹಾಕಿದರೂ ಆದೀತು. ಮುಂದಿನ ವರ್ಷಕ್ಕೆ ಜನವರಿ, ಫೆಬ್ರವರಿಯಲ್ಲೇ ಗುಡಿಸಿ ಗೋಣಿಯಲ್ಲಿ ತುಂಬಿಸಿಡು. ನಿಮ್ಮ ಬೀದಿಯಲ್ಲಿ ಗುಡಿಸಿ ಬೆಂಕಿ ಹಚ್ಚುತ್ತಾರಲ್ಲ, ಅವರನ್ನೇ ಕೇಳಿ ತಗೊಂಡು ಬಾ.

ಒಂದು ಮುಷ್ಟಿ ತೆಗೆದು ಹಿಂಡಿ ನೋಡು. ಕೈಗವಸು ಹಾಕಿಕೊಂಡು. ಹಿಂಡಿ ಹರವಿದ ಟವೆಲಿನ ಹಾಗೆ ತಣ್ಣಗೆ ಒದ್ದೆ ಇರಬೇಕು, ನೀರು ಇಳಿಯಬಾರದು. ನೀರು ಇಳಿದರೆ ಮತ್ತೆ ಮರದ ಹುಡಿ. ವಾರಕ್ಕೊಮ್ಮೆ ಕೋಲಿನಿಂದ ಮಗುಚು, ಕೈಯಿಂದ ಅಲ್ಲ. ನಮ್ಮ ಸೆಕೆಗೆ ಸಣ್ಣಕೆ ಕೊಚ್ಚಿ ಹಾಕಿದರೆ ಎರಡು ಮೂರು ತಿಂಗಳಲ್ಲಿ ಕಪ್ಪಗೆ ಹುಡಿ ಹುಡಿಯಾಗುತ್ತದೆ. ಬೆಳ್ಳಗೆ ದಪ್ಪ ಹುಳ ಕಂಡು ನೀನು ಫೋಟೋ ಕಳಿಸಿದ್ದೆಯಲ್ಲ, ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿ ಇರಬೇಕು. ಬೆಳೆದ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಚ್ಚುವುದಿಲ್ಲ, ಆ ನೊಣ ನಮ್ಮ ಊಟದ ಮೇಲೆ ಬಂದು ಕೂರುವ ಜಾತಿಯೂ ಅಲ್ಲ. ಅದನ್ನು ಕೊಲ್ಲಬೇಡ. ತುಂಬ ಕಂಡರೆ ಹಸಿ ಜಾಸ್ತಿ ಆಗಿದೆ ಅಂತ ಲೆಕ್ಕ.

ನಿನ್ನ ಮಣ್ಣಿನ ವಿಷಯ. "ಒಮ್ಮೆ ಗೊಬ್ಬರ ಹಾಕಿದ್ದೇನಲ್ಲ ಅಮ್ಮ" ಅಂದೆ. ನಮ್ಮಲ್ಲಿ ಒಮ್ಮೆ ಹಾಕಿದರೆ ಸಾಲದು. ಸೆಕೆಗೆ ಮಣ್ಣಿನೊಳಗಿನ ಗೊಬ್ಬರ ಬೇಗ ಕರಗಿ ಹೋಗುತ್ತದೆ, ಉಳಿದ ಸಾರವನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಕೆಂಪು ಮಣ್ಣು ಹುಳಿಯಾಗುವುದೂ ಅದೇ ಕಾರಣಕ್ಕೆ. ಪ್ರತಿ ಬೆಳೆಗೂ ಎರಡು ಇಂಚು ಹಾಕು, ಮೇಲಿನಿಂದ ತರಗೆಲೆ ಮುಚ್ಚು. ಮಳೆಹನಿ ನೇರ ಮಣ್ಣಿಗೆ ಹೊಡೆಯಬಾರದು. ಒಂದು ಹಿಡಿ ಒಲೆಯ ಬೂದಿ ಉದುರಿಸಿದರೆ ಹುಳಿ ಕಮ್ಮಿಯಾಗುತ್ತದೆ, ನಾನು ಇಲ್ಲಿಂದ ಕಳಿಸುತ್ತೇನೆ. ಅಜ್ಜಿ ಸುಡುಮಣ್ಣು ಮಾಡಿ ಹಾಕುತ್ತಿದ್ದರು. ಅದರಲ್ಲಿ ಬೆಳೆದ ಅಲಸಂಡೆಯ ರುಚಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೆ ಪೇಟೆಯಲ್ಲಿ ಹೊಗೆ ಎಬ್ಬಿಸುವುದು ಬೇಡ.

ಹರಿವೆ ಬೀಜ ಹಾಕಿ ಹಾಕಿ ಕೊಳೆತು ಹೋಯಿತು ಅಂದೆಯಲ್ಲ. ಈ ಮಳೆಗೆ ಹರಿವೆ ನಿಲ್ಲುವುದಿಲ್ಲ. ಚೌತಿ ಕಳೆದು ಬಿಸಿಲು ಬಂದ ಮೇಲೆ ಹಾಕು, ಒಣ ಮರಳಿನ ಜೊತೆ ಬೀಜ ಬೆರೆಸಿ ತೆಳ್ಳಗೆ ಉದುರಿಸು. ತಿಂಗಳಲ್ಲಿ ಸಾರಿಗೆ ಆಗುತ್ತದೆ. ಬದನೆಗೂ ಅದೇ ಕಾಲ. ಬೆಂಡೆ, ಹೀರೆ, ಮುಳ್ಳುಸೌತೆ ಬೇಕಾದರೆ ಪತ್ತನಾಜೆಯ ಹೊತ್ತಿಗೆ, ಮೇ ಕೊನೆಗೆ ಬೀಜ ಹಾಕಬೇಕು. ಈ ವರ್ಷದ್ದು ಕಳೆಯಿತು. ತೊಂಡೆ ಬಳ್ಳಿ ನಾನು ಕೊಡುತ್ತೇನೆ, ಪೆನ್ಸಿಲು ದಪ್ಪದ ತುಂಡು. ಏರಿ ಎತ್ತರ ಮಾಡಿ ನೆಡು, ಬುಡದಲ್ಲಿ ನೀರು ನಿಲ್ಲಬಾರದು.

ಬಸವನಹುಳ ಹೆಕ್ಕುವುದಿದ್ದರೆ ರಾತ್ರಿ ಟಾರ್ಚು ಹಿಡಿದು ಹೆಕ್ಕು, ಬರಿಗೈಯಲ್ಲಿ ಬೇಡ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕೈಕಾಲು ತೊಳೆ, ಬೆರಳ ಸಂದಿ ಒರೆಸಿ ಒಣಗಿಸು. ಬೆರಳ ಗಾಯ ಮಾಗುವವರೆಗೆ ಗೊಬ್ಬರದ ಹತ್ತಿರ ಹೋಗಲೇಬೇಡ, ನಿನ್ನ ಗೆಳತಿ ಮಾಡಲಿ. ಅವಳಿಗೂ ಬೂಟು ಬೇಕು. ನೋಡು, ಮತ್ತೆ ಅದೇ ಮಾತಿಗೆ ಬಂದೆ. ಎಷ್ಟು ಸಲ ಬೇಕಾದರೂ ಬರುತ್ತೇನೆ. ಭಾನುವಾರದ ಲೆಕ್ಕ ಹಿಡಿದರೆ ಈ ತಿಂಗಳು ಪೂರ್ತಿ ನನಗೆ ಸಮಾಧಾನ ಇಲ್ಲ. ಮೈ ಬಿಸಿ ಅನ್ನಿಸಿದರೆ ಆ ದಿನವೇ ಡಾಕ್ಟರ ಹತ್ತಿರ ಹೋಗು. ಮೀನಖಂಡ ಒಮ್ಮೆ ಒತ್ತಿ ನೋಡಿಕೋ. ಮಾತು ಬಿಟ್ಟಿದ್ದೀಯ, ಆಗಲಿ. ಆದರೆ ದಿನಾ ರಾತ್ರಿ "ಜ್ವರ ಇಲ್ಲ" ಅಂತ ಒಂದು ಮೆಸೇಜ್ ಹಾಕು, ಅಷ್ಟು ಸಾಕು.

ಶನಿವಾರ ಬೆಳಗಿನ ಬಸ್ಸಿನ ಕಂಡಕ್ಟರ ಹತ್ತಿರ ಅಪ್ಪ ಒಂದು ಗೋಣಿ ಕೊಡುತ್ತಾರೆ. ಒಣ ತರಗೆಲೆ, ಬೂದಿ, ತೊಂಡೆ ಬಳ್ಳಿ, ಸ್ವಲ್ಪ ನಮ್ಮ ಹಟ್ಟಿ ಗೊಬ್ಬರ. ಗೊಬ್ಬರ ಬಿಸಿಲಿಲ್ಲದೆ ಪೂರ್ತಿ ಒಣಗಿಲ್ಲ, ಅದನ್ನೂ ಕೈಗವಸು ಹಾಕಿಯೇ ಮುಟ್ಟು. ಬೂಟು ತರಲು ನಾಳೆ ಪುತ್ತೂರಿಗೆ ಹೋಗುತ್ತಿದ್ದೇನೆ. ನಿನ್ನ ಕಾಲಿಗೆ 5 ನಂಬರೋ 6 ನಂಬರೋ? ನಿನ್ನ ಗೆಳತಿಯದ್ದೂ ಕೇಳಿ ತಿಳಿಸು.

ಅಮ್ಮ