ಹಿಂದಿನ ಚಕ್ರ ನಿನಗೇ ಬಿಟ್ಟಿದ್ದೇನೆ

ಪ್ರೀತಿಯ ಪುಟ್ಟಿ,

ಎಂಟನೇ ಕ್ಲಾಸಿನಲ್ಲಿ ಶಾಲೆಯಿಂದ ಸಿಕ್ಕಿತ್ತಲ್ಲ ನಿನ್ನ ಸೈಕಲ್, ಅದನ್ನು ಹಿತ್ತಿಲಿನಿಂದ ಹೊರಗೆ ತೆಗೆದೆ. ನೀನು ಧಾರವಾಡಕ್ಕೆ ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಕಾರವಾರದ ಉಪ್ಪು ಗಾಳಿ ನಿನಗೆ ಗೊತ್ತೇ ಇದೆ, ಎರಡು ಮಳೆಗಾಲಕ್ಕೆ ಚೈನು ತುಕ್ಕು ಹಿಡಿದು ಸೆಟೆದುಕೊಂಡಿತ್ತು.

ಕೋಡಿಬಾಗದಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕೈದು ಜನ ಸೇರಿ ಸೈಕಲ್ ರಿಪೇರಿ ಹೇಳಿಕೊಡುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಅವರು ಮಾಡಿಕೊಡುವುದೂ ಇಲ್ಲ, ಪಾನಾ ನಮ್ಮ ಕೈಯಲ್ಲೇ ಇರಬೇಕು. ಎಡಗಡೆ ಪೆಡಲ್ ಬಿಚ್ಚಲು ನಾನು ಹತ್ತು ನಿಮಿಷ ಒದ್ದಾಡಿದೆ. ಪಕ್ಕದಲ್ಲಿದ್ದ ಹುಡುಗ ಸುಮ್ನೆ ನೋಡುತ್ತಿದ್ದು ಆಮೇಲೆ, 'ಕಾಕಾ, ಎಡಗಡೆಯದ್ದು ಉಲ್ಟಾ ಥ್ರೆಡ್ಡು, ಇಲ್ಲದಿದ್ದರೆ ತುಳಿಯುತ್ತಾ ತುಳಿಯುತ್ತಾ ತಾನೇ ಬಿಚ್ಚಿಕೊಳ್ಳುತ್ತದೆ' ಅಂದ. ಇಷ್ಟು ವರ್ಷ ಸೈಕಲ್ ಹೊಡೆದವನಿಗೆ ಇದು ಗೊತ್ತಿರಲಿಲ್ಲ ನೋಡು. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಟ್ಟೆ. ಜಾಸ್ತಿ ಬಿಟ್ಟರೆ ಸಮುದ್ರದ ಕಡೆ ಹೋದಾಗ ಮರಳು ಅಂಟಿಕೊಂಡು ಮತ್ತೆ ಸವೆಯುತ್ತದಂತೆ.

ಆ ಕಡೆ ಚಿಕ್ಕ ಹುಡುಗಿಯೊಬ್ಬಳು ಪಂಕ್ಚರ್ ಹಾಕುತ್ತಿದ್ದಳು. ಟ್ಯೂಬಿಗೆ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕಿದಳು, ಒರೆಸಿ ಮರಳು ಕಾಗದದಲ್ಲಿ ಉಜ್ಜಿದಳು. ಸೊಲ್ಯೂಷನ್ ಹಚ್ಚಿದವಳು ಕೂಡಲೇ ಪ್ಯಾಚ್ ಅಂಟಿಸಿಬಿಟ್ಟಳು, ಅದು ಜಾರಿ ಎದ್ದು ಬಂತು. ಹೇಳಿಕೊಡುವ ಹೆಂಗಸು ಕೈ ಹಾಕಲೇ ಇಲ್ಲ. 'ಸೊಲ್ಯೂಷನ್ ಸ್ವಲ್ಪ ಒಣಗಲಿ, ಬೆರಳಿಗೆ ಅಂಟದ ಹಾಗಾದ ಮೇಲೆ ಒತ್ತಿ ಹಿಡಿ' ಅಂದು ಕಾದರು. ಎರಡನೇ ಸಲ ಸರಿಯಾಗಿ ಕೂತಿತು.

ನನಗೆ ಆಗ ನೀನೇ ನೆನಪಾದೆ. ಒಂಬತ್ತರಲ್ಲಿದ್ದಾಗ ನೀನೂ ಹೀಗೆ ಟಯರ್ ಬಿಚ್ಚಿ ಕೂತಿದ್ದೆ. ನಾನು 'ಸರಿ ಆಚೆ, ತಡವಾಗುತ್ತದೆ' ಅಂತ ಕೈಯಿಂದ ಕಿತ್ತುಕೊಂಡೆ. ಆಮೇಲೆ ನೀನು ಯಾವತ್ತೂ ಅದಕ್ಕೆ ಕೈ ಹಾಕಲಿಲ್ಲ, ಅಲ್ವಾ? ಅದು ನನ್ನ ತಪ್ಪು, ಪುಟ್ಟಿ.

ಮುಂದಿನ ಚಕ್ರ, ಬ್ರೇಕು, ಚೈನು ಎಲ್ಲ ಮಾಡಿದ್ದೇನೆ. ಹಿಂದಿನ ಟ್ಯೂಬಿನ ಪಂಕ್ಚರ್ ಮಾತ್ರ ಹಾಗೇ ಇದೆ. ಪ್ಯಾಚು, ಸೊಲ್ಯೂಷನ್ ತಂದು ಕಪಾಟಿನಲ್ಲಿಟ್ಟಿದ್ದೇನೆ. ದಸರಾ ರಜೆಗೆ ಬಾ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಆಯಿ ಕೇಳುತ್ತಿದ್ದಾಳೆ, ಯಾವ ಬಸ್ಸಿಗೆ ಬರುತ್ತೀ ಅಂತ.

ನಿನ್ನ ಅಪ್ಪ