ರಕ್ಷಣಾ ಸಚಿವರಿಗೆ ಬಹಿರಂಗ ಪತ್ರ: ಒಂದು ಸಾಲಿನ ಷರಾಕ್ಕೆ ಪಿಂಚಣಿ ತಪ್ಪಬಾರದು

ಮಾನ್ಯ ರಕ್ಷಣಾ ಸಚಿವರೇ,

ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಅರ್ಜಿ ಹೆಚ್ಚಾಗಿ ಬಿದ್ದುಹೋಗುವುದು ಒಂದೇ ಜಾಗದಲ್ಲಿ. ಸೇವೆಯಿಂದ ಬಿಡುಗಡೆಯಾಗುವಾಗ ಸೈನಿಕನನ್ನು ಪರೀಕ್ಷಿಸುವ ವೈದ್ಯರ ಮಂಡಳಿ, ಅಂದರೆ ರಿಲೀಸ್ ಮೆಡಿಕಲ್ ಬೋರ್ಡ್‌ನ ನಡಾವಳಿಯಲ್ಲಿ, ಕಾಯಿಲೆ ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಉಲ್ಬಣಿಸಿದ್ದೇ ಎಂದು ಕೇಳುವ ಕಾಲಂ ಇದೆ. ಅಲ್ಲಿ ‘ಎರಡೂ ಅಲ್ಲ’ ಎಂದು ಬರೆದು, ‘ಪೀಸ್ ಸ್ಟೇಷನ್‌ನಲ್ಲಿ (ಗಡಿ, ಕಾರ್ಯಾಚರಣೆಗಳಿಂದ ದೂರದ ಶಾಂತ ನೆಲೆಯಲ್ಲಿ) ಶುರುವಾದದ್ದು’ ಎಂದೋ ‘ದೇಹಪ್ರಕೃತಿಯದು’ ಎಂದೋ ಒಂದು ಸಾಲಿನ ಷರಾ ಹಾಕುತ್ತಾರೆ. ಬಿಪಿಗೂ ಅದೇ, ಸಕ್ಕರೆ ಕಾಯಿಲೆಗೂ ಅದೇ, ಮಾನಸಿಕ ಕಾಯಿಲೆಗೂ ಅದೇ. ಪೀಸ್ ಸ್ಟೇಷನ್‌ಗೆ ಬರುವ ಮುಂಚೆ ಆ ಸೈನಿಕ ಎಷ್ಟು ವರ್ಷ ಫೀಲ್ಡ್‌ನಲ್ಲಿ, ಹಿಮದ ಎತ್ತರಗಳಲ್ಲಿ ಕಳೆದಿದ್ದ ಎಂಬ ಲೆಕ್ಕ ಆ ಸಾಲಿನಲ್ಲಿ ಸಿಗುವುದಿಲ್ಲ. ಬಿಪಿ ಪತ್ತೆಯಾದ ದಿನವೇ ಹುಟ್ಟಿದ್ದಲ್ಲ ಎಂಬುದು ಯಾವ ವೈದ್ಯರಿಗೆ ಗೊತ್ತಿಲ್ಲ?

ಭರ್ತಿಯಾಗುವಾಗ ದಾಖಲಾಗದ ಕಾಯಿಲೆಯಿಂದ ಮುಂದೆ ಸೈನಿಕನ ಆರೋಗ್ಯ ಕೆಟ್ಟರೆ ಅದು ಸೇವೆಯಿಂದಲೇ ಎಂದು ಭಾವಿಸಬೇಕು, ಅಲ್ಲವೆನ್ನುವ ಬೋರ್ಡ್ ಕಾರಣ ಬರೆಯಬೇಕು ಎಂದು 2013ರಲ್ಲೇ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಗವೈಕಲ್ಯ ಪಿಂಚಣಿಯ ಅರ್ಹತೆ ಕುರಿತ ಆಗಿನ 1982ರ ನಿಯಮಗಳನ್ನು ಓದಿ ಹೇಳಿದೆ. ಒಂದು ಸಾಲಿನ ಷರಾ ಕಾರಣವಾಗುವುದು ಹೇಗೆ?

ಇದರಲ್ಲಿ ಕಳೆದುಹೋಗುವ ಹಣ ಸಣ್ಣದಲ್ಲ. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30 ಸಿಗುತ್ತದೆ. ಶೇ 30 ಅಂಗವೈಕಲ್ಯವನ್ನು, ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪಿನಂತೆ ಶೇ 50ಕ್ಕೆ ಏರಿಸಿದರೆ, ಅದರ ಅರ್ಧ, ಅಂದರೆ ವೇತನದ ಶೇ 15 ಪ್ರತಿ ತಿಂಗಳೂ ಬರಬೇಕು.

ತಿರಸ್ಕಾರ ಪತ್ರ ಬಂದ 6 ತಿಂಗಳೊಳಗೆ ಮೊದಲ ಅಪೀಲು, ಅದೂ ಬಿದ್ದರೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಪೀಲು ಎಡವುವುದು ಇಲ್ಲಿ: ಅರ್ಜಿದಾರರು ಮನೆಯ ಕಷ್ಟ, ಸಲ್ಲಿಸಿದ ಸೇವೆ ಬರೆಯುತ್ತಾರೆ, ಇಲ್ಲವೇ ಶೇಕಡಾವಾರು ಕಡಿಮೆಯಾಯಿತು ಎಂದಷ್ಟೇ ವಾದಿಸುತ್ತಾರೆ. ಷರಾ ಹಾಗೇ ಉಳಿಯುತ್ತದೆ. ಅದನ್ನು ಅಲುಗಿಸಬೇಕಾದರೆ ಭರ್ತಿಯ ವೈದ್ಯಕೀಯ ದಾಖಲೆ, ಪೋಸ್ಟಿಂಗ್‌ಗಳ ಪಟ್ಟಿ, ಮೊದಲ ಆಸ್ಪತ್ರೆ ದಾಖಲಾತಿಯ ಕಾಗದ ಮತ್ತು ತಜ್ಞರ ಅಭಿಪ್ರಾಯವನ್ನು ದಿನಾಂಕವಾರು ಜೋಡಿಸಬೇಕು. ಗಾಯದ ಪ್ರಕರಣವಾದರೆ ಇಂಜುರಿ ರಿಪೋರ್ಟ್ ಬೇಕೇ ಬೇಕು. ನಡಾವಳಿಯ ಪ್ರತಿಯೇ ಕೈಯಲ್ಲಿಲ್ಲದವರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕಾಯುವಷ್ಟರಲ್ಲಿ ಗಡುವು ಅರ್ಧ ಕರಗಿರುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ‘ಎರಡೂ ಅಲ್ಲ’ ಎನ್ನುವ ಪ್ರತಿ ನಡಾವಳಿಯಲ್ಲೂ ಪೋಸ್ಟಿಂಗ್‌ಗಳ ವಿವರದ ಜೊತೆ ಕಾರಣ ಬರೆಯುವುದನ್ನು ಕಡ್ಡಾಯ ಮಾಡಿ. ಅದಿಲ್ಲದ ನಡಾವಳಿ ಬೋರ್ಡ್‌ಗೇ ವಾಪಸಾಗಲಿ. ತಿರಸ್ಕಾರ ಪತ್ರಕ್ಕೆ ನಡಾವಳಿಯ ಪೂರ್ತಿ ಪ್ರತಿಯನ್ನು ಲಗತ್ತಿಸಿ, 6 ತಿಂಗಳನ್ನು ಅದು ಕೈಸೇರಿದ ದಿನದಿಂದ ಎಣಿಸಿ. ಕರ್ನಾಟಕದವರ ಪ್ರಕರಣಗಳು ಆ ನ್ಯಾಯಮಂಡಳಿಯ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತವೆ. ಕಾಯಿಲೆಯವರಿಗಾಗಿ ಬೆಂಗಳೂರಿನಲ್ಲಿ ನಿಯಮಿತವಾಗಿ ಕಲಾಪ ನಡೆಯುವಂತೆ ಮಾಡಿ.

ಇಂತಿ,
ಅಂಗವೈಕಲ್ಯ ಪಿಂಚಣಿಯ ಅಪೀಲುಗಳನ್ನು ಬರೆದುಕೊಡುವವರು