ಸೇಲಂ: ಪಾದ್ರಿಗಳ ಪಾಲನ್ನೂ ಹೇಳಿ

ಮಾನ್ಯ ಸಂಪಾದಕರೇ,

ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟ ಮಾಡಿದರೆಂದು ಹಲವರನ್ನು ವಿಚಾರಿಸಿ ಶಿಕ್ಷಿಸಿದ 1692ರ ಮಾಟಗಾತಿ ಪ್ರಕರಣವನ್ನು ಹಳ್ಳಿಗರ ಮೌಢ್ಯ ಎಂದಷ್ಟೇ ಹೇಳಿ ಮುಗಿಸುವುದು ತಪ್ಪು. ಮಾಟ ತಗುಲಿದೆ ಎಂದು ಮೊದಲು ನರಳಿದ್ದು ಊರಿನ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್ ಮನೆಯ ಮಕ್ಕಳೇ. ಸಂಬಳ, ಸೌದೆಯ ವಿಚಾರಕ್ಕೆ ಊರಿನೊಂದಿಗೆ ಪ್ಯಾರಿಸ್ ಅವರಿಗೆ ಆಗಲೇ ಜಗಳವಿತ್ತು. ಚರ್ಚ್ ಸಭೆಯೊಳಗೇ ಸೈತಾನರಿದ್ದಾರೆ ಎಂದು ಮಾರ್ಚ್ 27ರಂದು ಬೋಧಿಸಿದ ಅವರೇ ಹಲವು ವಿಚಾರಣೆಗಳ ಹೇಳಿಕೆಗಳನ್ನೂ ಬರೆದುಕೊಂಡರು. ನೊಂದವರ ಮನೆಯ ಯಜಮಾನನೇ ಗುಮಾಸ್ತನಾದರೆ ದಾಖಲೆಯನ್ನು ನಂಬುವುದು ಹೇಗೆ?

'ಆರೋಪಿಯ ಪ್ರೇತರೂಪ ಬಂದು ಕಾಡಿತು' ಎಂಬ ಸಾಕ್ಷ್ಯವೇ ಎಲ್ಲಕ್ಕಿಂತ ಅಪಾಯಕಾರಿ. ಆ ಹೊತ್ತಿಗೆ ತಾನು ಬೇರೆಡೆ ಇದ್ದೆ ಎಂದು ರುಜುವಾತು ಮಾಡಿದರೂ ಆರೋಪಿ ಪಾರಾಗುವಂತಿಲ್ಲ. ಇಂಥ ಸಾಕ್ಷ್ಯದ ಬಗ್ಗೆ ಎಚ್ಚರ ವಹಿಸಿ ಎಂದು ಜೂನ್ 15ರಂದು ಪಾದ್ರಿಗಳು ಲಿಖಿತವಾಗಿ ತಿಳಿಸಿದ್ದು ನಿಜ. ಆದರೆ ಅದೇ ಪತ್ರದ ಕೊನೆಯಲ್ಲಿ, ತಪ್ಪಿತಸ್ಥರ ಮೇಲೆ ಬೇಗ ಕಠಿಣ ಕ್ರಮ ಜರುಗಿಸಿ ಎಂದೂ ಸೇರಿಸಿದರು. ನ್ಯಾಯಾಲಯ ಕೊನೆಯ ಮಾತನ್ನಷ್ಟೇ ಹಿಡಿದುಕೊಂಡಿತು. 19 ಮಂದಿ ನೇಣಿಗೇರಿದರು. ಅವರಲ್ಲಿ ಅದೇ ಊರಿನ ಮಾಜಿ ಪಾದ್ರಿ ಜಾರ್ಜ್ ಬರೋಸ್ ಕೂಡ ಒಬ್ಬರು. ಅಕ್ಟೋಬರಿನಲ್ಲಿ ಬಾಸ್ಟನ್ನಿನ ಪಾದ್ರಿ ಇಂಕ್ರೀಸ್ ಮೇದರ್ ಪ್ರೇತರೂಪದ ಸಾಕ್ಷ್ಯವನ್ನು ನೇರವಾಗಿ ವಿರೋಧಿಸಿದರು. ಅದೇ ತಿಂಗಳು ಗವರ್ನರ್ ಫಿಪ್ಸ್ ನ್ಯಾಯಾಲಯವನ್ನು ನಿಲ್ಲಿಸಿದರು.

ರಾಜ್ಯದ 2017ರ ವಾಮಾಚಾರ ತಡೆ ಕಾಯ್ದೆಯ ಚರ್ಚೆಯಲ್ಲಿ ಸೇಲಂ ಹೆಸರೆತ್ತುವಾಗ, ಜೂನ್ 15ರ ಆ ಪತ್ರದ ಎರಡೂ ಭಾಗಗಳನ್ನು ದಯವಿಟ್ಟು ಪ್ರಕಟಿಸಿ.

– ಇತಿಹಾಸ ಅಧ್ಯಾಪಕರು, ಬಸವನಗುಡಿ, ಬೆಂಗಳೂರು